ಜಗಲಿ ಮುಟ್ಟುವ ವೈರು

ಯತೀಶನ ಕಣ್ಣುಗಳು ಚೆನ್ನಾಗಿದ್ದವು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಕಡೆಯಲ್ಲಿ, ಅಂಥವನಲ್ಲಿ ಏನು ಕಂಡೆಯಮ್ಮ ಅಂತ ನೀವೆಲ್ಲ ನನ್ನನ್ನೇ ಕೇಳುತ್ತೀರಿ.

ಆದರೆ ನಾನು ಮೊದಲು ಕಂಡದ್ದು ಕಣ್ಣಲ್ಲ, ಅವನ ಕೈಯಲ್ಲಿದ್ದ ಕಟ್ಟರ್. ಮದ್ದೂರಿನ ಹೊರಗೆ, ಹೆದ್ದಾರಿಗೆ ಬೆನ್ನು ತಿರುಗಿಸಿಕೊಂಡು ಒಂದು ಉದ್ದನೆಯ ಶೆಡ್ಡಿದೆ. ಅದೇ ನಮ್ಮ ಕಂಪನಿ. ಲ್ಯಾಪ್‌ಟಾಪ್ ಚಾರ್ಜರ್ ಮಾಡುತ್ತೇವೆ. ಡಿಸೈನ್ ವಿಭಾಗಕ್ಕೆ ನಾನು ಸೇರಿದ ದಿನವೇ ಈ ಮನುಷ್ಯ ನನ್ನ ಮೇಜಿನ ಹತ್ತಿರ ಬಂದು, ಸ್ಯಾಂಪಲ್ ಚಾರ್ಜರನ್ನು ಎತ್ತಿಕೊಂಡು, ಗೋಡೆಯ ಪ್ಲಗ್ಗಿಗೆ ಹೋಗುವ ವೈರನ್ನು ಕಚಕ್ಕನೆ ಅರ್ಧಕ್ಕೆ ಕತ್ತರಿಸಿದ.

“ಏನ್ರೀ ಮಾಡ್ತಿದ್ದೀರಾ?”

“ತೂಕ ಇಳಿಸ್ತಾ ಇದೀನಿ ಮೇಡಂ. ಡಬ್ಬಿ ಚಿಕ್ಕದು ಮಾಡ್ಬೇಕು ಅಂತ ಎಲ್ರೂ ತಲೆ ಕೆಡಿಸ್ಕೊಂಡವ್ರೆ. ಅರ್ಧ ತೂಕ ವೈರಲ್ಲೇ ಐತೆ.”

“ಜನ ಎಲ್ಲಿ ಕೂತು ಕೆಲಸ ಮಾಡ್ಬೇಕು?”

“ಪ್ಲಗ್ ಎಲ್ಲೈತೋ ಅಲ್ಲಿ. ಜನ ಪ್ಲಗ್ ಹತ್ರ ಬಂದು ಕೂತ್ಕೋಬೇಕು ಮೇಡಂ. ಪ್ಲಗ್ ಜನರ ಹತ್ರ ಹೋಗಲ್ಲ.”

“ನಿಮ್ಮದು ಯಾವೂರು?”

“ಕೆರಗೋಡು.”

“ನಿಮ್ಮನೇಲಿ ಎಷ್ಟು ಪ್ಲಗ್ ಇದಾವೆ?”

ಅವನು ಯೋಚನೆ ಮಾಡಿದ. “ಸರಿಯಾಗಿರೋದು ಒಂದು. ನಡುಮನೇಲಿ, ಟಿವಿ ಪಕ್ಕ.”

“ಮನೆಯವರೆಲ್ಲ ಧಾರಾವಾಹಿ ನೋಡೋವಾಗ ಕಾಲೇಜಿಗೆ ಹೋಗೋ ಹುಡುಗಿ ಅವರ ಕಾಲ ಸಂದೀಲಿ ಕೂತು ಪರೀಕ್ಷೆಗೆ ಓದ್ಬೇಕಾ? ಜೋಡಿಸಿಕೊಡಿ ಅದನ್ನ.”

ಆಗ ನಕ್ಕ. ಬಾಯಿಗಿಂತ ಮುಂಚೆ ಕಣ್ಣು ನಗುತ್ತಿದ್ದವು ಅವನಿಗೆ. ಮಧ್ಯಾಹ್ನದೊಳಗೆ ವೈರನ್ನು ಬೆಸೆದು, ಜೋಡಿಸಿದ ಗುರುತೂ ಕಾಣದ ಹಾಗೆ ಮಾಡಿ ತಂದಿಟ್ಟ. ಬೇರೆಯವರ ಮಾತಿಗೆ ಇಷ್ಟು ಬೇಗ ಬೆಲೆ ಕೊಡುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮ ಕೆಲಸ ಹೇಳುವುದಕ್ಕೆ ಸಣ್ಣದು. ಚಾರ್ಜರಿನ ನಡುವೆ ಇರುವ ಕಪ್ಪು ಡಬ್ಬಿಯನ್ನು ಸೋಪಿನ ಪೆಟ್ಟಿಗೆಯಷ್ಟು ಮಾಡಬೇಕು. ಕಾಲೇಜು ಹುಡುಗಿಯ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಅದು ಸುಮ್ಮನೆ ಕೂರಬೇಕು. ಆದರೆ ಚಿಕ್ಕದು ಮಾಡಿದಷ್ಟೂ ಅದು ಕಾಯುತ್ತದೆ, ಒಳಗಿನ ಬಿಸಿಗೆ ಹೋಗಲು ಜಾಗ ಸಾಲುವುದಿಲ್ಲ. ಬಿಸಿ ಅಳೆಯುವ ಮೀಟರ್ ಇತ್ತು. ಆದರೂ ಮೀಟರ್ ಒಪ್ಪಿದ್ದನ್ನು ಕೈಯೂ ಒಪ್ಪಬೇಕು ಅನ್ನುವುದು ನಮ್ಮ ಶೆಡ್ಡಿನ ಪದ್ಧತಿ. ಕಾದ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ನೂರರವರೆಗೆ ಎಣಿಸಬೇಕು. ನಡುವೆ ಕೈಬಿಟ್ಟರೆ ಫೇಲ್, ನೂರು ಮುಟ್ಟಿದರೆ ಪಾಸ್.

ಹಿಡಿಯುವವಳು ನಾನು. ಎಣಿಸುವವನು ಅವನು.

ತೊಂಬತ್ತಾದ ಮೇಲೆ ಅವನ ಎಣಿಕೆ ನಿಧಾನವಾಗುತ್ತಿತ್ತು.

“ತೊಂಬತ್ತೊಂದು... ಬಳೆ ಹೊಸದಾ?”

“ಬೇಗ ಹೇಳೋ. ಸುಡ್ತೈತೆ.”

“ತೊಂಬತ್ತೆರಡು... ಚೆನ್ನಾಗೈತೆ.”

“ಯತಿ, ಬಿಟ್ಬಿಡ್ತೀನಿ ನೋಡು.”

“ನೀನ್ ಬಿಡಲ್ಲ. ತೊಂಬತ್ಮೂರು.”

ಒಂದು ದಿನ ತೊಂಬತ್ತೇಳಕ್ಕೆ ನನ್ನ ಕೈಯ ಅಡಿಗೆ ಅವನ ಕೈ ಬಂದು ಸೇರಿತು. ತೊಂಬತ್ತೆಂಟನ್ನು ಅವನು ಹೇಳಲೇ ಇಲ್ಲ. ಪಕ್ಕದ ಮೇಜಿನ ಕುಸುಮ “ಆಯ್ತೇನ್ರಪ್ಪ ನಿಮ್ ಟೆಸ್ಟು?” ಅಂದಾಗ ಇಬ್ಬರೂ ಬೆಚ್ಚಿಬಿದ್ದೆವು. ಆ ದಿನ ರಿಪೋರ್ಟಿನಲ್ಲಿ ಏನು ಬರೆದೆನೋ ನನಗೆ ನೆನಪಿಲ್ಲ.

ಅವನು ಕೆರಗೋಡಿನ ಗೌಡರ ಮನೆಯವನು. ಗದ್ದೆ, ಕಬ್ಬು ಇರುವವರು. ನಾವು ಮಳವಳ್ಳಿಯವರು, ಅಪ್ಪನ ಕಾಲಕ್ಕೆ ಬೌದ್ಧರಾದವರು. ಅದಕ್ಕೂ ಮುಂಚೆ ನಾವು ಯಾವ ಕೇರಿಯವರಾಗಿದ್ದೆವು ಅನ್ನುವುದನ್ನು ಮಾತ್ರ ಊರು ಮರೆತಿಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಕೈ ಹಿಡಿದಿದ್ದಾನಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ.

“ಸುಗ್ಗಿ ಕಳೀಲಿ ಶೋಭಿ, ಮನೇಲಿ ಮಾತಾಡ್ತೀನಿ” ಅನ್ನುತ್ತಿದ್ದ.

ಚಾರ್ಜರನ್ನು ಹಳ್ಳಿಯ ಕರೆಂಟಿನಲ್ಲಿ ಪರೀಕ್ಷೆ ಮಾಡಲೇಬೇಕು. ಮಧ್ಯಾಹ್ನ ತ್ರೀ ಫೇಸ್ ಬಂದು ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜ್ ಹೇಗೆ ಕುಸಿಯುತ್ತದೆ ಅನ್ನುವುದು ಶೆಡ್ಡಿನಲ್ಲಿ ಕೂತರೆ ತಿಳಿಯುವುದಿಲ್ಲ. “ನಮ್ಮನೇಲೇ ಮಾಡೋಣ ಬಾ” ಎಂದು ಯತೀಶ ಕರೆದ. ನಾನು ಹಸಿರು ಚೂಡಿದಾರ್ ಇಸ್ತ್ರಿ ಮಾಡಿ ಹಾಕಿಕೊಂಡು ಹೋದೆ. ಟೆಸ್ಟಿಗೆ ಯಾರಾದರೂ ಇಸ್ತ್ರಿ ಮಾಡುತ್ತಾರಾ?

ಹೆಂಚಿನ ಮನೆ, ಮುಂದೆ ಅಗಲವಾದ ಜಗಲಿ. ಆಗ ಪುಷ್ಯದ ಚಳಿ, ಎಳೆ ಬಿಸಿಲು ಹಿತವಾಗಿತ್ತು. ಅವನು ಜಗಲಿಯ ಮೇಲೆ ಚಾಪೆ ಹಾಸಿದ, ಕಿಟಕಿಯೊಳಗಿಂದ ವೈರು ಎಳೆದ. ಬೇಕರಿಯಿಂದ ಪೇಪರ್ ಕಪ್ಪುಗಳಲ್ಲಿ ಟೀ ತಂದ. ಅವನ ತಾಯಿ ಹೊಂಬಾಳಮ್ಮ ಬಾಗಿಲಲ್ಲಿ ನಿಂತು “ಚೆಂದಾಗಿದ್ದೀಯೇನವ್ವ?” ಅಂದವರು ಒಳಗೆ ಹೋದರು.

ವೈರು ಚಾಪೆಯವರೆಗೆ ಬರಲಿಲ್ಲ. ಕಿಟಕಿಯ ಕೆಳಗೆ ಲ್ಯಾಪ್‌ಟಾಪ್ ಇಟ್ಟು ನಾನು ಕುಕ್ಕರಗಾಲಲ್ಲಿ ಕೂತೆ. ಯತೀಶ ಅದನ್ನು ನೋಡಿ, ಒಳಗೆ ಹೋಗಿ, ಪ್ಲಗ್ಗಿನಿಂದ ಗೇಣು ಹಾಕುತ್ತಾ ಬಂದ. ಗೋಡೆ, ಕಿಟಕಿ, ಜಗಲಿ, ಚಾಪೆ. ಕೊನೆಯ ಗೇಣು ನನ್ನ ಮಂಡಿಗೆ ಬಂದು ನಿಂತಿತು.

“ಇಲ್ಲಿಗೆ ಸರಿಹೋಯ್ತು” ಅಂದ. ಕಿರುಬೆರಳನ್ನು ಮಂಡಿಯಿಂದ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನ ವಾರ ನನ್ನ ಮೇಜಿನ ಮೇಲೆ ಒಂದು ಚಾರ್ಜರ್ ಇತ್ತು. ಅದರ ವೈರು ಮಾಮೂಲಿಗಿಂತ ಮೂರು ಪಟ್ಟು ಉದ್ದ. ಜೋಡಣೆಯನ್ನು ಹುಡುಕಿದರೂ ಸಿಗದಷ್ಟು ನಯವಾಗಿ ಬೆಸೆದು, ಸುರುಳಿ ಸುತ್ತಿ, ಕೆಂಪು ದಾರ ಕಟ್ಟಿದ್ದ. ವೈರು ಕಂಡಲ್ಲಿ ಕತ್ತರಿಸುವವನು ನನಗಾಗಿ ವೈರು ಉದ್ದ ಮಾಡಿದ್ದಾನೆ. ಒಡವೆ ಕೊಟ್ಟಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಬ್ಯಾಗು ಭಾರವಾಗಿ ಹೆಗಲು ನೋಯುತ್ತಿತ್ತು. ಹಗುರವಾದ ಚಾರ್ಜರ್ ಡಿಸೈನ್ ಮಾಡುವ ನಾನು ಇಡೀ ಜಿಲ್ಲೆಯಲ್ಲೇ ಭಾರವಾದ ಚಾರ್ಜರನ್ನು ಹೊತ್ತು ತಿರುಗಿದೆ.

ಆಮೇಲೆ ಎಷ್ಟೋ ಸಲ ಕೆರಗೋಡಿಗೆ ಹೋದೆ. ಅದೇ ಚಾಪೆ, ಅದೇ ಕಿಟಕಿ, ಅದೇ ಪೇಪರ್ ಕಪ್ಪು. “ನಿಂಗೆ ಗಾಳಿ ಬೇಕಲ್ವಾ, ಇಲ್ಲೇ ಚೆನ್ನಾಗೈತೆ” ಅನ್ನುತ್ತಿದ್ದ. ಗಾಳಿ ಬೇಕು ಅಂತ ನಾನು ಯಾವತ್ತು ಹೇಳಿದ್ದೆನೋ ಗೊತ್ತಿಲ್ಲ. ಚೆನ್ನಾಗಂತೂ ಇತ್ತು. ಸುಗ್ಗಿ ಕಳೆಯಿತು. ಯುಗಾದಿ ಆಗಲಿ ಅಂದ. ಯುಗಾದಿಯೂ ಆಯಿತು. ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳುತ್ತಿದ್ದ, ಹೇಳುವಾಗ ಆ ಕಣ್ಣುಗಳಿಂದ ನೋಡುತ್ತಿದ್ದ, ನಾನು ಸುಮ್ಮನಾಗುತ್ತಿದ್ದೆ.

ಬೇಸಿಗೆಯಲ್ಲಿ ಅವನನ್ನು ಮಳವಳ್ಳಿಗೆ ಕರೆದುಕೊಂಡು ಹೋದೆ. ಅಪ್ಪ ಚಿಕ್ಕಬೋರಯ್ಯ, ಹತ್ತಿರದಲ್ಲೇ ಹೊಳೆ ನೀರಿನಿಂದ ಕರೆಂಟು ತೆಗೆಯುವ ಬ್ಲಫ್‌ನ ಪವರ್‌ಹೌಸಿನಲ್ಲಿ ದುಡಿದು ರಿಟೈರ್ ಆದವರು. ಅಮ್ಮ ಇಲ್ಲ. ಅಜ್ಜಿ ಚಿಕ್ಕಮಾದಮ್ಮನದೇ ಅಡುಗೆ, ಅವಳದೇ ಆಡಳಿತ. ಯತೀಶ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋಗಿ ಅಜ್ಜಿಯ ಪಕ್ಕದಲ್ಲೇ ಕೂತುಬಿಟ್ಟ.

“ಅಜ್ಜಿ, ಇನ್ನರ್ಧ ಮುದ್ದೆ ಹಾಕಿ. ಉಪ್ಸಾರು ನಮ್ಮವ್ವನ ಕೈಲೂ ಇಂಗಾಗಲ್ಲ.”

“ಉಣ್ಣು ಮಗ, ಉಣ್ಣು. ಒಣಿಕಂಡಿದ್ದೀಯ.”

ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಊಟ ಮಾಡುತ್ತಲೇ ತಲೆ ಎತ್ತಿ, ನಿಮ್ಮಜ್ಜಿಯನ್ನು ಗೆದ್ದೆ ನೋಡು ಅನ್ನುವ ಹಾಗೆ ಹುಬ್ಬು ಹಾರಿಸಿದ. ಆ ಕ್ಷಣ ನನಗೆ ಈ ಲೋಕದಲ್ಲಿ ಬೇರೇನೂ ಬೇಕಾಗಿರಲಿಲ್ಲ.

ಊಟವಾದ ಮೇಲೆ ನನ್ನ ಚಾರ್ಜರ್ ಹಾಕಿ ಸ್ವಲ್ಪ ಹೊತ್ತು ಕೆಲಸ ಮಾಡಿ, ಸಂಜೆಯ ಬಸ್ಸಿಗೆ ಮದ್ದೂರಿನ ಕಡೆ ಹೊರಟ. ನಮ್ಮ ಮನೆಯಲ್ಲಿ ಪ್ಲಗ್ಗು ಕುರ್ಚಿಯ ಬೆನ್ನಿಗೇ ಇದೆ. ಉದ್ದನೆಯ ವೈರೆಲ್ಲ ನೆಲದ ಮೇಲೆ ಗುಡ್ಡೆ ಬಿದ್ದಿತ್ತು. ಅಜ್ಜಿಯ ಕಾಲು ಅದಕ್ಕೆ ಸಿಕ್ಕಿಕೊಂಡಿತು.

“ಥೂ, ಇದ್ಯಾನವ್ವ ಆವ್ ಬಿದ್ದಂಗ್ ಬಿದ್ದದೆ?”

“ಚಾರ್ಜರ್ ವೈರಜ್ಜಿ. ಯತಿ ನಂಗೇ ಅಂತ ಮಾಡ್ಕೊಟ್ಟಿದ್ದು.”

“ಇಷ್ಟುದ್ದ ಯಾಕೆ? ಯಾರ್ ಮನೆ ಅಳ್ತೆ ಇದು?”

“ಅವರ ಮನೇದು. ಪ್ಲಗ್ ಇರೋದು ನಡುಮನೇಲಿ. ನಾನ್ ಕೂರೋದು ಜಗಲೀಲಿ. ಅಲ್ಲಿಗೆ ಸರಿಯಾಗಿ...”

ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸಿತು.

ಅಜ್ಜಿ ವೈರಿನ ತುದಿ ಹಿಡಿದು ಮೊಳ ಹಾಕತೊಡಗಿದಳು. ಅರ್ಧಕ್ಕೇ ನಿಲ್ಲಿಸಿದಳು. “ಒಂದ್ ಸಲಾನೂ ಒಳೀಕ್ ಕರ್ದಿಲ್ವಾ?”

ನಾನು ಬಗ್ಗಿ ನೆಲದ ಮೇಲಿದ್ದ ವೈರನ್ನು ಸುತ್ತತೊಡಗಿದೆ.

“ನಮ್ ಕಾಲ್ದಲ್ಲಿ ಗೌಡ್ರ ಮನೆ ಮುಂದೆ ಬೊಗಸೆ ಒಡ್ಡುದ್ರೆ, ಚೊಂಬ ಮ್ಯಾಕೆತ್ತಿ ನೀರ್ ಉಯ್ಯೋರು. ಚೊಂಬು ಕೈಗೆ ತಾಕ್ಬಾರ್ದು ಅಂತ. ಈಗ ಕರೆಂಟ್ನೂ ಅಂಗೇ ಉಯ್ತಾವ್ರಾ?”

“ಬುಡವ್ವ” ಅಂದರು ಅಪ್ಪ. “ಹುಡ್ಗ ಒಳ್ಳೇವ್ನು.”

“ಒಳ್ಳೇವ್ನೇ ಕಣ್ಲಾ. ಅಕ್ಕಿ ಮ್ಯಾಲೆ ಆಸೆ, ನೆಂಟ್ರ ಮ್ಯಾಲೆ ಪ್ರೀತಿ.”

ಅಪ್ಪ ಪೇಪರ್ ಮಡಿಸಿದರು. “ನಾನ್ ಇಷ್ಟ್ ವರ್ಸ ಬ್ಲಫ್ಫಿಂದ ಕಳ್ಸಿದ್ ಕರೆಂಟು ಅವ್ರ ನಡುಮನೆಗೇ ಓಯ್ತದೆ ಕಣಮ್ಮ” ಅಂದರು, ಯಾರ ಮುಖವನ್ನೂ ನೋಡದೆ.

ನನಗೆ ಆ ಗೇಣುಗಳು ನೆನಪಾದವು. ಪ್ಲಗ್ಗು, ಗೋಡೆ, ಕಿಟಕಿ, ಜಗಲಿ, ನನ್ನ ಮಂಡಿ. ಹೊಸಿಲು ದಾಟಿಸುವುದು ಕಷ್ಟ, ವೈರು ಉದ್ದ ಮಾಡುವುದು ಸುಲಭ. ಅವನು ಸುಲಭದ್ದನ್ನು ಮಾಡಿ ಅದಕ್ಕೆ ಕೆಂಪು ದಾರ ಕಟ್ಟಿದ್ದ. ನಾನು ಅದನ್ನು ಎದೆಗೆ ಒತ್ತಿಕೊಂಡು ತಿರುಗಿದ್ದೆ. ಸಿಟ್ಟು ಅವನ ಮೇಲೆ ಎಷ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು.

ಆದರೂ ಆಸೆ ಅಷ್ಟು ಬೇಗ ಸಾಯುವುದಿಲ್ಲ. ಅವನ ತಾಯಿ ಬೇಡ ಅಂದಿರಬೇಕು, ಅವನು ನಡುವೆ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ಒಂದೇ ಒಂದು ಸಲ ಅವನು ನನ್ನನ್ನು ಬಾಯಿಬಿಟ್ಟು ಒಳಗೆ ಕರೆದರೆ ಸಾಕು, ಉಳಿದದ್ದನ್ನೆಲ್ಲ ಮರೆತುಬಿಡುತ್ತೇನೆ. ಅಷ್ಟೇ ನನಗೆ ಬೇಕಾಗಿದ್ದದ್ದು.

ಅಷ್ಟರಲ್ಲಿ ಕಂಪನಿಯವರು, ವೈರು ಗಿಡ್ಡ ಮಾಡಿ ತೂಕ ಇಳಿಸಬೇಕು ಅನ್ನುವ ಅವನ ಮೊದಲಿನ ಮಾತನ್ನೇ ಒಪ್ಪಿದ್ದರು. ಕೊನೆಯ ಸ್ಯಾಂಪಲ್ ಅಂಗೈಯಷ್ಟು ಡಬ್ಬಿ, ಗಿಡ್ಡ ವೈರು. ಕೆರಗೋಡಿನಲ್ಲಿ ಕೊನೆಯ ಟೆಸ್ಟು ಬಾಕಿ. ಆ ಭಾನುವಾರ ನಾನು ಅದೊಂದನ್ನೇ ತೆಗೆದುಕೊಂಡು ಹೋದೆ. ಬ್ಯಾಗು ಎಷ್ಟು ಹಗುರವಾಗಿತ್ತೆಂದರೆ ಬಸ್ಸಿನಲ್ಲಿ ಮತ್ತೆ ಮತ್ತೆ ತಡವಿ ನೋಡಿಕೊಂಡೆ.

ಜಗಲಿಯ ಮೇಲೆ ಚಾಪೆ ಹಾಸಿಯೇ ಇತ್ತು. ಬಿಸಿಲು ಅರ್ಧ ಚಾಪೆಯನ್ನು ಆಗಲೇ ಹಿಡಿದಿತ್ತು.

“ಉದ್ದದ್ದೆಲ್ಲಿ?” ಅಂದ ಯತೀಶ.

“ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಣಗಾಕಕ್ಕೆ ಕಟ್ಟವ್ಳೆ.”

ತಮಾಷೆ ಅಂದುಕೊಂಡು ನಕ್ಕ. ನಾನು ನಗದೆ ಇದ್ದದ್ದನ್ನು ನೋಡಿ ನಗು ನಿಲ್ಲಿಸಿದ.

“ಟೆಸ್ಟ್ ಮಾಡ್ಬೇಕಾಗಿರೋದು ಇದನ್ನ, ಯತಿ. ಇದು ಜಗಲಿ ತನಕ ಬರಲ್ಲ.”

ಅವನು ಗಿಡ್ಡ ವೈರನ್ನು ನೋಡಿದ, ಕಿಟಕಿಯನ್ನು ನೋಡಿದ, ಬೀದಿಯನ್ನು ನೋಡಿದ. ಎದುರು ಮನೆಯ ಜಗಲಿಯಲ್ಲಿ ದೇವಿರಮ್ಮ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಅವರನ್ನೂ ನೋಡಿದ. ನನ್ನ ಕಡೆ ಬರುವ ಹೊತ್ತಿಗೆ ಅವನ ಮುಖ ಗೆಲುವಾಗಿತ್ತು.

“ಅದಕ್ಯಾಕ್ ಯೋಚ್ನೆ? ನಾಗರಾಜು ಅಂಗಡೀಲಿ ಎಕ್ಸ್‌ಟೆನ್ಷನ್ ಬಾಕ್ಸ್ ಸಿಗ್ತದೆ. ಈಗ ಬಂದೆ, ಇರು.”

ಬೈಕು ಹತ್ತಿ ಹೋದ.

ಹೊಂಬಾಳಮ್ಮ ಮೊರದಲ್ಲಿ ಹುಣಸೆಹಣ್ಣು ಹಿಡಿದುಕೊಂಡು ಬಾಗಿಲಿಗೆ ಬಂದರು. “ಎಲ್ಲೋದ್ನವ್ವ ಇವ್ನು?”

“ಬಾಕ್ಸ್ ತರಕ್ಕಮ್ಮ. ವೈರು ಹೊರಗಡೆ ತನಕ ಬರಲ್ಲ.”

“ಅದ್ಕೆ ಬಿಸ್ಲಲ್ಲಿ ಕೂರ್ಸವ್ನಾ? ಒಳ್ಗಡೆ ಕೂತ್ಕಂಡ್ರೆ ಆಗಕಿಲ್ವಾ?”

ನಾನು ಅವರ ಮುಖವನ್ನೇ ನೋಡಿದೆ. “ಒಳಗೆ ಬಾ ಅಂತ ನನ್ನ ಯಾರೂ ಕರೀಲಿಲ್ಲಮ್ಮ.”

“ನೀನೇ ಬರಕಿಲ್ಲ ಅಂತೀಯ, ಗಾಳಿ ಬೇಕು ಅಂತೀಯ ಅಂದ ನನ್ ಮಗ. ಲೋಟ್ದಲ್ಲಿ ಟೀ ಕೊಡ್ತೀನಿ ಕಣ್ಲಾ ಅಂದ್ರೆ, ಪೇಪರ್ ಲೋಟ ಇಡ್ಕಂಡ್ ಬಂದ.”

ನಾನು ಎದ್ದು ನಿಂತೆ. “ನಾವ್ಯಾರು ಅಂತ ನಿಮಗೆ ಗೊತ್ತಾ?”

“ಗೊತ್ತು ಕಣವ್ವ. ಅವ್ನ್ ಯೋಳ್ಳಿಲ್ಲ. ಊರಲ್ಲಿ ಯಾವ್ದ್ ಮುಚ್ಚಿಡಕಾಯ್ತದೆ?”

“ಮದುವೆ ವಿಷಯ ಅವನು ಕೇಳಿದ್ರೆ ಒಪ್ತಿದ್ರಾ?”

ಅವರು ಒಂದು ಹುಣಸೆಬೀಜವನ್ನು ಬೇರೆ ಮಾಡಿ ಪಕ್ಕಕ್ಕಿಟ್ಟರು. “ಸುಳ್ಳ್ಯಾಕ್ ಯೋಳ್ಳಿ? ರಂಪ ಮಾಡ್ತಿದ್ದೆ. ಅತ್ತು ಕರ್ದು ಉಣ್ದೆ ಮನೀಕತ್ತಿದ್ದೆ. ಆಮೇಕೆ ಏನಾಯ್ತಿತ್ತೋ ಕಂಡೋರ್ಯಾರು. ಅವ್ನು ನನ್ ಕೈಲಿ ರಂಪಾನೂ ಮಾಡಿಸ್ಲಿಲ್ವಲ್ಲವ್ವ. ಒಂದ್ ಮಾತ್ ಕೇಳ್ಳಿಲ್ಲ.” ಮೊರ ಎತ್ತಿಕೊಂಡರು. “ಬಾ, ಒಳ್ಗ್ ಬಾ. ಎಷ್ಟೊತ್ತು ಕಾಯ್ತೀಯ ಬಿಸ್ಲಲ್ಲಿ.”

ಹೊಸಿಲು ದಾಟಿದೆ. ದಾಟುವುದು ಎಷ್ಟು ಸಲೀಸು.

ನಡುಮನೆ ತಂಪಾಗಿತ್ತು. ಟಿವಿಯ ಪಕ್ಕದ ಪ್ಲಗ್ಗು ಸಡಿಲವಾಗಿತ್ತು. ನಮ್ಮ ಚಾರ್ಜರ್ ಹಗುರ, ಬೀಳದೆ ನಿಂತಿತು. ಗಿಡ್ಡ ವೈರು ನನ್ನ ಮಡಿಲಿಗೆ ಸರಿಯಾಗಿ ಬಂತು. ಹೊಂಬಾಳಮ್ಮ ಸ್ಟೀಲ್ ಲೋಟದಲ್ಲಿ ಟೀ ತಂದುಕೊಟ್ಟರು. ಅಷ್ಟರಲ್ಲಿ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾಗಿ ಮೇಲಿದ್ದ ಬಲ್ಬು ಕೆಂಪಗಾಯಿತು, ಫ್ಯಾನು ತೆವಳತೊಡಗಿತು. ನಮ್ಮ ಚಾರ್ಜರ್ ಮಾತ್ರ ಜಗ್ಗಲಿಲ್ಲ.

ನನಗೆ ಹುಚ್ಚು ಸಂತೋಷ. ಅವನೇ ಕರೆಯಲಿ ಅಂತ ಹಟ ಹಿಡಿದಿದ್ದವಳಿಗೆ ಆ ಹಟವೂ ನೆನಪಿರಲಿಲ್ಲ. ಭಯಪಟ್ಟಿದ್ದಾನೆ ಅಷ್ಟೇ, ಪಾಪ. ಈಗ ಬಂದು ನೋಡಲಿ, ಅವನ ಭಯವೆಲ್ಲ ಹೋಗುತ್ತದೆ. ಬಂದ ಕೂಡಲೇ ಹೇಳಬೇಕಾದ ಮಾತನ್ನೂ ಹೊಂದಿಸಿಟ್ಟುಕೊಂಡೆ. ಜನ ಪ್ಲಗ್ ಹತ್ರ ಬಂದು ಕೂತ್ಕೋಬೇಕು ಅಂತ ಹೇಳಿದವನು ನೀನೇ ಅಲ್ವೇನೋ, ಅನ್ನಬೇಕು. ಅವನ ಕಣ್ಣು ನಗುವುದನ್ನು ನೋಡಬೇಕು.

ಬೈಕು ಬಂದು ನಿಂತಿತು. “ಸಿಕ್ತು ಶೋಭಿ” ಅನ್ನುತ್ತಾ ಜಗಲಿ ಹತ್ತಿದ. ಖಾಲಿ ಚಾಪೆ ನೋಡಿದ. ಆಮೇಲೆ ಬಾಗಿಲಿಗೆ ಬಂದು ನನ್ನನ್ನು ನೋಡಿದ.

ನೋಡಿದ ಅನ್ನುವುದೂ ತಪ್ಪು. ಅವನ ಕಣ್ಣು ನನ್ನ ಮೇಲೆ ನಿಂತದ್ದು ಒಂದು ಗಳಿಗೆ. ತಕ್ಷಣ ಹಿಂದೆ ತಿರುಗಿ ಬೀದಿಯನ್ನು ನೋಡಿದ, ದೇವಿರಮ್ಮನನ್ನು ನೋಡಿದ. ಒಳಗೆ ಬಂದು, ಸದ್ದಾಗದ ಹಾಗೆ ಬಾಗಿಲು ಮುಚ್ಚಿ ಚಿಲಕ ಹಾಕಿದ.

ನಡುಮನೆ ಕತ್ತಲಾಯಿತು.

“ಬಾಗ್ಲ್ ಯಾಕಾಕ್ದೆ ಯತೀಸ?” ಅಂದರು ಹೊಂಬಾಳಮ್ಮ. “ಆಡಾಗ್ಲಲ್ಲಿ?”

“ನೀನ್ ಸುಮ್ನಿರವ್ವ.” ನನ್ನ ಕಡೆ ಬಗ್ಗಿ ಪಿಸುದನಿಯಲ್ಲಿ ಹೇಳಿದ. “ಜನ ನೋಡ್ತಾವ್ರೆ ಶೋಭಿ. ನಿಧಾನಕ್ಕೆ ಮಾಡೋಣ ಅಂದಿದ್ನಲ್ಲ. ಹಿಂಗ್ ಮಾಡಿದ್ರೆ ಎಲ್ಲ ಹಾಳಾಗೋಯ್ತದೆ. ಸ್ವಲ್ಪೊತ್ತು ಇರು, ಆಯಮ್ಮ ಒಳಗೋದ್ಮೇಲೆ ಹೊರಗಡೆ ಕೂತ್ಕೊಳೋವಂತೆ.”

ಕೈಯಲ್ಲಿ ಹೊಸ ಎಕ್ಸ್‌ಟೆನ್ಷನ್ ಬಾಕ್ಸ್ ಇನ್ನೂ ಇತ್ತು, ಕವರನ್ನೂ ಬಿಚ್ಚಿರಲಿಲ್ಲ.

ಹೊಂದಿಸಿಟ್ಟುಕೊಂಡಿದ್ದ ಮಾತನ್ನು ನಾನು ಹೇಳಲಿಲ್ಲ. ಪ್ಲಗ್ ಕಿತ್ತೆ. ವೈರು ಸುತ್ತಿದೆ. ಗಿಡ್ಡ ವೈರು, ಎರಡು ಸುತ್ತಿಗೆ ಮುಗಿಯಿತು.

“ಮಂಡ್ಯ ತನಕ ಬಿಡ್ತೀನಿ ಇರು. ದಾರೀಲಿ ಮಾತಾಡೋಣ.”

“ಬೇಡ.”

“ನಾನ್ ನಿನ್ನ ಪ್ರೀತಿಸ್ತೀನಿ ಅನ್ನೋದು ಸುಳ್ಳಾ ಶೋಭಿ?”

ಆ ಮಾತನ್ನು ಅಷ್ಟು ನೇರವಾಗಿ ಅವನು ಹೇಳಿದ್ದು ಅದೇ ಮೊದಲು. ಚಿಲಕ ಹಾಕಿದ ಬಾಗಿಲ ಹಿಂದೆ, ಪಿಸುದನಿಯಲ್ಲಿ. ಕಣ್ಣು ತುಂಬಿಕೊಂಡಿದ್ದವು. ಆಗಲೂ ಚೆನ್ನಾಗೇ ಇದ್ದವು.

“ಸುಳ್ಳಲ್ಲ” ಅಂದೆ. “ಎಲ್ಲಿ ತನಕ ಅಂತ ಗೇಣು ಹಾಕಿಟ್ಟಿದೀಯ, ಅಷ್ಟೇ.”

ಚಿಲಕ ನಾನೇ ತೆಗೆದೆ. ಬಿಸಿಲು ನಡುಮನೆಯವರೆಗೆ ಬಿತ್ತು. ಜಗಲಿಯಲ್ಲಿ, ದೇವಿರಮ್ಮನಿಗೆ ಕಾಣುವ ಹಾಗೆ ನಿಂತು, ಲೋಟದಲ್ಲಿ ಉಳಿದಿದ್ದ ಟೀಯನ್ನು ಪೂರ್ತಿ ಕುಡಿದೆ. ಆರಿಹೋಗಿತ್ತು. ಖಾಲಿ ಲೋಟವನ್ನು ಕೆಳಗಿಡದೆ ಹೊಂಬಾಳಮ್ಮನ ಕೈಗೇ ಕೊಟ್ಟೆ. ಅವರು ತೆಗೆದುಕೊಂಡರು.

“ಓಗ್ಬುಟ್ಟು ಬಾ ಅನ್ನಕೂ ಬಾಯಿ ಬರ್ತಾ ಇಲ್ಲ ಕಣವ್ವ” ಅಂದರು.

ಯತೀಶ ಬಾಗಿಲಿನ ಒಳಗೇ ನಿಂತಿದ್ದ. ಜಗಲಿಯವರೆಗೂ ಬರಲಿಲ್ಲ.

ಮಂಡ್ಯದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬ್ಯಾಗಿನಲ್ಲಿ ಕೈಯಾಡಿಸಿದಾಗ ಚಾರ್ಜರಿನ ಡಬ್ಬಿ ಇನ್ನೂ ಬೆಚ್ಚಗಿತ್ತು. ಟೆಸ್ಟು ಅರ್ಧಕ್ಕೇ ನಿಂತಿದೆ, ನಾಳೆ ರಿಪೋರ್ಟು ಬರೆಯಬೇಕು. ಹೊರಗೆ ತೆಗೆದು ಅಂಗೈಯಲ್ಲಿ ಹಿಡಿದು, ನಾನೇ ಎಣಿಸತೊಡಗಿದೆ. ಎಂಬತ್ತಾಯಿತು, ತೊಂಬತ್ತಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, ಏನೂ ಕೇಳದೆ, ಸೆರಗಿನ ಗಂಟಿನಿಂದ ಒಂದು ಅಡಿಕೆಚೂರು ತೆಗೆದು ನನ್ನ ಕಡೆ ಚಾಚಿದರು. ನಾನು ಬೇಡ ಅಂತ ತಲೆ ಆಡಿಸಿದೆ, ಎಣಿಕೆ ನಿಲ್ಲಿಸಲಿಲ್ಲ.

ತೊಂಬತ್ತರಿಂದ ನೂರಕ್ಕೆ ಇಷ್ಟು ಹತ್ತಿರ ಅಂತ ನನಗೆ ಗೊತ್ತೇ ಇರಲಿಲ್ಲ.